ಕಡಲೆ ಹುಳಿ

ರಾತ್ರಿಯೂ ಹಗಲಿನಷ್ಟೇ ಸೆಕೆಯಾಗಿ, ಇಬ್ಬನಿ ನಿಂತು ಹದಿನೆಂಟು ವರ್ಷವಾಗಿತ್ತು. ಆದರೂ ನೀಲಗಂಗವ್ವ, ಹೊಟ್ಟೆನೋವಿನ ಮದ್ದಿಗೆ ಇಬ್ಬನಿ ಹಿಡಿಯಲು ಅತ್ತೆ ಮಾಡುತ್ತಿದ್ದಂತೆ, ದಿನಾ ಸಂಜೆ ಕಡಲೆ ಗಿಡಗಳ ಮೇಲೆ ಬಿಳಿ ಧೋತರ ಹಾಸುತ್ತಿದ್ದಳು. ಬೆಳಿಗ್ಗೆ ಒಣ ಧೋತರವನ್ನೇ ಮಡಚಿಡುತ್ತಿದ್ದಳು. ಊರು ನಗುತ್ತಿತ್ತು.

ಇವತ್ತು ಬೆಳಿಗ್ಗೆ ಹೊಲದ ಯಂತ್ರದಿಂದ ತಾಪಮಾನ ಬರೆದುಕೊಳ್ಳಲು ಬಂದ ಶಾಂಭವಿ ಹುಬ್ಬುಗಂಟಿಕ್ಕಿದಳು. "ಅಜ್ಜಿ, ರಾತ್ರಿ ಹನ್ನೊಂದು ಡಿಗ್ರಿಗೆ ಇಳದೈತಿ ಅಂತ ತೋರಸಾಕತ್ತೈತಿ. ಮಷಿನ್ ಕೆಟ್ಟಿರಬೇಕು, ಅಳಿಸಿಬಿಡ್ತೀನಿ."

ನೀಲಗಂಗವ್ವ ಧೋತರದ ತುದಿ ಹಿಂಡಿ, ಅವಳ ಅಂಗೈಗೆ ನಾಲ್ಕು ಹನಿ ಬಿಟ್ಟಳು. "ನೆಕ್ಕು."

ಶಾಂಭವಿ ಮುಖ ಕಿವುಚಿಕೊಂಡಳು. "ಅಯ್ಯ, ಎಷ್ಟು ಹುಳಿ! ಏನಿದು?"

"ಇಬ್ಬನಿ. ಕಡಲಿ ಗಿಡದ ಹುಳಿ ಅದರಾಗ ಕೂಡೈತಿ." ಮುದುಕಿ ಸೆರಗು ಕೊಡವಿ ನೆಟ್ಟಗೆ ನಿಂತಳು. "ಅಳಸಬ್ಯಾಡ, ಬರಕೋ. ಸಾಕ್ಷಿ ಅಂತ ಕೆಳಗ ನನ್ನ ಹೆಸರೂ ಬರಿ."