ಬೈಯುವವನ ಪಕ್ಕದಲ್ಲಿ

ಸತ್ತವರು ಕಾಣುವುದು ಅವರನ್ನು ದ್ವೇಷಿಸಿದವರಿಗೆ ಮಾತ್ರ. ಹಾಗಾಗಿ ಪ್ರತಿ ವರ್ಷ ಕಾಲೇಜು ಕಬಡ್ಡಿಯ ದಿನ ನೀಲವ್ವ ಮಗನ ಎದುರಾಳಿ ಕಾಲೇಜಿನ ಅಭಿಮಾನಿಗಳ ನಡುವೆ, ಮೈಲಾರಿಯ ಪಕ್ಕದಲ್ಲೇ ಕೂರುತ್ತಿದ್ದಳು. ತೀರಿಕೊಂಡ ಅವಳ ಮಗ, ಕಬಡ್ಡಿಪಟು ಫಕ್ಕೀರೇಶನನ್ನು ಮೈಲಾರಿಯಷ್ಟು ಬೈದವರು ಇನ್ನೊಬ್ಬರಿರಲಿಲ್ಲ.

“ಬಂದಾನೇನಪ್ಪಾ?”

“ಬಂದಾನ ಬೇ ಯವ್ವಾ. ಅದೇ ಹರಕ ಬನಿಯನ್, ಅದೇ ಸೊಕ್ಕು.”

ನೀಲವ್ವ ಬುತ್ತಿ ಬಿಚ್ಚಿ, ಮಗನಿಗೆ ಇಷ್ಟವಾಗಿದ್ದ ಮಾದಲಿಯನ್ನು ಮೈಲಾರಿಯ ಕೈಗಿಟ್ಟಳು. ತಿನ್ನುತ್ತಿದ್ದಂತೆ ಅವನಿಗೆ ಮೊದಲ ಸಲ ಫಕ್ಕೀರೇಶನ ಬಗ್ಗೆ ಅಯ್ಯೋ ಅನ್ನಿಸಿತು. ತಲೆ ಎತ್ತಿದಾಗ ಅಂಕಣದಲ್ಲಿ ಫಕ್ಕೀರೇಶ ಇರಲಿಲ್ಲ.

“ಈಗೇನ್ ಮಾಡಾಕತ್ತಾನ?”

ಮೈಲಾರಿ ಎದ್ದು ನಿಂತು, ಖಾಲಿ ಮೂಲೆಯ ಕಡೆ ಕೈ ಮಾಡಿ, ಗಂಟಲು ಹರಿಯುವಂತೆ ಕೂಗಿದ: “ಏ ಫಕ್ಕ್ಯಾ! ಈ ಸಲಾನೂ ಮಣ್ಣು ಮುಕ್ಕಿಸ್ತೀವಲೇ!”

ನೀಲವ್ವ ಆ ಮೂಲೆಯನ್ನೇ ನೋಡುತ್ತ ಅಂದಳು:

“ಇನ್ನಷ್ಟು ಬೈಯೋ ಯಪ್ಪಾ.”