ಸಮಾಧಿಯ ಬಳಿ ಆಡಿದ ಮಾತು

ಸತ್ತವರಿಗಾಗಿ ದೇವರನ್ನು ಬೇಡುವುದು ತಪ್ಪು, ಸತ್ತ ಸಂತರನ್ನೇ ಬೇಡುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ಸಾರಿ ಆ ಕ್ರೈಸ್ತ ಬೋಧಕರು ಹಳೆಯ ಸಭೆಯನ್ನು ಬಿಟ್ಟು ಬಂದು ಹೊಸದನ್ನು ಕಟ್ಟಿದ್ದರು. ಮುಪ್ಪಿನಲ್ಲಿ, ಹೆಂಡತಿಯನ್ನು ಮಣ್ಣು ಮಾಡಿದ ತಿಂಗಳೊಳಗೆ, ಆ ಹೊಸ ಸಭೆಯೇ ಅವರನ್ನು ವಿಚಾರಣೆಗೆ ಕರೆಯಿತು.

ಸಭೆಯ ಹಿರಿಯ ಅವರ ಕೈಯಲ್ಲೇ ದೀಕ್ಷಾಸ್ನಾನ ಪಡೆದವನು. ಗುರುವನ್ನು ಹೇಗಾದರೂ ಪಾರುಮಾಡಬೇಕೆಂದು ಅವನ ಜೀವ ಒದ್ದಾಡುತ್ತಿತ್ತು.

"ಅಯ್ಯನವರ, ಅಮ್ಮಾರ ಸಮಾಧಿ ಮುಂದ ಮೊಣಕಾಲೂರಿದ್ದು ಖರೇ ಏನ್ರೀ?"

"ಖರೇ."

"ಬಾಯಿ ಅಲ್ಲಾಡತಿತ್ತಂತ?"

"ಹಲ್ಲಿಲ್ಲದ ಬಾಯಿ ತಮ್ಮಾ, ಸುಮ್ನಿದ್ರೂ ಅಲ್ಲಾಡತೈತಿ."

"ಚಾಷ್ಟಿ ಬ್ಯಾಡ್ರೀ. ತಪ್ಪು ಮಾಡೀರಿ ಅಂತಾದ್ರ ಈಸ್ಟರಿಗೆ ನಿಮಗ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಾಕ ಬರಂಗಿಲ್ಲ. ನೀವ ಮಾಡಿದ ನಿಯಮ."

"ಅದನ್ನ ಮಾಡಿದಾಗ ಆಕಿ ನನ್ನ ಬಾಜೂಕ ಕುಂತಿದ್ಲಪ್ಪ."

ಹಿರಿಯ ಬೆವರು ಒರೆಸಿಕೊಂಡು, ಉತ್ತರವನ್ನೂ ತಾನೇ ಬಾಯಿಗಿಡುವವನಂತೆ ಕೇಳಿದ: "ಆಕಿ ಆತ್ಮಕ್ಕ ಶಾಂತಿ ಕೊಡು ಅಂತ ದೇವರನ್ನ ಬೇಡಿದ್ರೇನು? ಇಲ್ಲಲ್ರೀ?"

"ಛೇ ಛೇ! ನನ್ನಂಥಾ ಸಿಡುಕನ ಕೂಡ ಬಾಳೇವು ಮಾಡಿದಾಕಿ. ಆಕಿಗೆ ನನ್ನ ಶಿಫಾರಸು ಯಾಕ ಬೇಕು? ನೆಟ್ಟಗ ಸ್ವರ್ಗಕ್ಕ ಹೋಗ್ಯಾಳ."

ಹಿರಿಯನಿಗೆ ಹೋದ ಉಸಿರು ಬಂದಂತಾಯಿತು. "ಕೇಳಿದ್ರಲ್ಲ? ಅಯ್ಯನವರು ಸತ್ತವರಿಗಾಗಿ ಪ್ರಾರ್ಥಿಸಿಲ್ಲ. ವಿಚಾರಣೆ ಮುಗೀತು, ಏಳ್ರಿ ಎಲ್ಲಾರೂ." ಅವನೇ ಗುರುವಿನ ತೋಳು ಹಿಡಿದು ಎಬ್ಬಿಸಿ, ಬಾಗಿಲವರೆಗೆ ನಡೆಸಿಕೊಂಡು ಹೋಗುತ್ತ ಸಲಿಗೆಯಿಂದ ನಕ್ಕ. "ಅಲ್ರೀ, ಮತ್ತ ಅಮ್ಮಾರ ಮುಂದ ಕುಂತು ಏನಂತಿದ್ರಿ?"

"ದೇವರ ಹತ್ರ ನನ್ನ ಸಲುವಾಗಿ ಒಂದು ಮಾತು ಹೇಳ ಮಾರಾಯ್ತಿ, ಅಂದೆ."