ಕಿಟಕಿಯ ಮೇಲಿನ ಕುಂಕುಮ

ಒಂದು ಸಂಶೋಧನಾ ಕೇಂದ್ರದ ಹಳೆಯ ಫಿಟ್ಟರುಗಳು ಇಂದಿಗೂ ಹೇಳಿಕೊಳ್ಳುವ ಕಥೆಯಿದು... ಕೇಳಿದಂತೆಯೇ ಇಲ್ಲಿದೆ.

ಅಲ್ಲಿ ಸೌದಾಮಿನಿ ಎಂಬ ವಿಜ್ಞಾನಿ ಒಂಬತ್ತು ವರ್ಷ ಕೂತು ಒಂದು ಉಪಕರಣವನ್ನು ವಿನ್ಯಾಸ ಮಾಡಿದ್ದರು. ರಿಯಾಕ್ಟರಿನ ನ್ಯೂಟ್ರಾನ್‌ಗಳನ್ನು ರೈಲು ಹಳಿಯ ತುಂಡಿನೊಳಗೆ ಹಾಯಿಸಿ, ಅವು ಚೆದುರುವ ಬಗೆಯಿಂದಲೇ ಉಕ್ಕಿನ ಒಳಗಿನ ಬಿಗಿತವನ್ನು ಅಳೆಯುವ ಉಪಕರಣ. ಹಳಿ ಬಿರುಕು ಬಿಡುವ ಮೊದಲೇ ಎಚ್ಚರಿಸಬಲ್ಲದ್ದು.

ಆದರೆ ನಲವತ್ತು ದಿನಗಳಿಂದ ಪರದೆಯ ಮೇಲೆ ಅಳತೆಯ ಬದಲು ಬರೀ ಅಡ್ಡಾದಿಡ್ಡಿ ಗೆರೆಗಳ ಗದ್ದಲ...

ಅಂದು ಸಂಜೆ ಐದಕ್ಕೆ ರಿಯಾಕ್ಟರ್ ದುರಸ್ತಿಗೆಂದು ಎರಡು ವರ್ಷ ನಿಲ್ಲುವುದಿತ್ತು. ಅಷ್ಟರೊಳಗೆ ಒಂದಾದರೂ ಸ್ಪಷ್ಟ ಅಳತೆ ಸಿಗದಿದ್ದರೆ ಉಪಕರಣವನ್ನೇ ಕಳಚಿಹಾಕುವುದೆಂದು ಸಮಿತಿ ತೀರ್ಮಾನಿಸಿತ್ತು.

"ನ್ಯೂಟ್ರಾನ್ ಸೋರ್ತಿರೋದು ನೀವು ಸುತ್ತ ಕೂಡಿಸಿದ ಇಟ್ಟಿಗೆ ಕವಚದ ಸಂದೀಲೇ, ಫಕೀರಪ್ಪ!" ಎಂದು ಸೌದಾಮಿನಿ ಹಿರಿಯ ಫಿಟ್ಟರನ್ನು ಗದರಿಸುತ್ತಲೇ ಬಂದಿದ್ದರು.

ಫಕೀರಪ್ಪ ಹನ್ನೊಂದು ಸಲ ಕವಚ ಬಿಚ್ಚಿದರು, ಹನ್ನೊಂದು ಸಲ ಕೂಡಿಸಿದರು. ಕೊನೆಗೆ ಸೌದಾಮಿನಿ ದೂರು ಬರೆದರು. ಫಕೀರಪ್ಪನವರನ್ನು ಉಗ್ರಾಣಕ್ಕೆ ವರ್ಗ ಮಾಡಿದ ಆದೇಶ ಅಂದು ಬೆಳಿಗ್ಗೆಯೇ ಬಂದಿತ್ತು.

ಆದರೂ ಅವರು ನ್ಯೂಟ್ರಾನ್‌ಗಳ ದಾರಿ ಮುಚ್ಚಿಸಿ ಹನ್ನೆರಡನೆಯ ಸಲ ಬಿಚ್ಚಿದರು. ಆಗ ಗಂಟೆ ನಾಲ್ಕಾಗಿತ್ತು.

"ಸಂದಿ ಒಂದೂ ಇಲ್ರಿ. ಬೇಕಾದ್ರ ನೀವ ಬಗ್ಗಿ ನೋಡ್ರಿ ಮೇಡಮ್ಮಾರ... ನಿಮ್ಮ ಕುಂಕುಮಾನೂ ಹಂಗ ಐತಿ."

ಸೌದಾಮಿನಿ ಮೊದಲ ಬಾರಿಗೆ ಬಗ್ಗಿ ನೋಡಿದರು.

ನ್ಯೂಟ್ರಾನ್‌ಗಳು ಒಳಬರುವ ಅಲ್ಯೂಮಿನಿಯಂ ಕಿಟಕಿಯ ನಟ್ಟನಡುವೆ ಕೆಂಪು ಬೊಟ್ಟು... ನಲವತ್ತು ದಿನಗಳ ಹಿಂದೆ, ಉಪಕರಣ ಶುರುಮಾಡುವ ಮುನ್ನ, ಆಯುಧಪೂಜೆಯ ದಿನ ತಾವೇ ಇಟ್ಟದ್ದು. ನುಣುಪಾದ ಲೋಹಕ್ಕೆ ಕುಂಕುಮ ಹಿಡಿಯದಿದ್ದಾಗ, ಅಜ್ಜಿ ಹಣೆಗೆ ಹಚ್ಚಿಕೊಳ್ಳುತ್ತಿದ್ದಂತೆ ಅಡಿಯಲ್ಲಿ ಮೇಣ ಸವರಿದ್ದರು.

ಮೇಣ!

ನ್ಯೂಟ್ರಾನ್‌ಗಳನ್ನು ಮೇಣದಷ್ಟು ಚೆಲ್ಲಾಪಿಲ್ಲಿ ಮಾಡುವ ವಸ್ತು ಅಪರೂಪ... ವಿದ್ಯಾರ್ಥಿಗಳಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠವೇ ಅದು.

"ಇದನ್ನ ಪ್ರತಿ ಸಲಾನೂ ನೋಡಿದ್ರಾ?"

"ನೋಡೀನ್ರಿ. ಸುತ್ತಲಿನ ಧೂಳ ಒರಸತಿದ್ದೆ. ನೀವು ಕೈಯಾರೆ ಇಟ್ಟ ಕುಂಕುಮ... ಅದನ್ನ ಹೆಂಗ ಒರಸ್ಲಿ?"

"ಒಂದ್ಮಾತು ಹೇಳ್ಬಾರ್ದಿತ್ತಾ..."

"ನೀವು ಕೇಳಿದ್ದು ಬರೇ ಸಂದಿ ಸುದ್ದಿ ಒಂದ ರೀ."

ಒರೆಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಕವಚವಿಲ್ಲದೆ ಅಳೆಯುವಂತಿರಲಿಲ್ಲ; ಅದರ ಭಾರವಾದ ಇಟ್ಟಿಗೆಗಳನ್ನು ಮರಳಿ ಜೋಡಿಸಲು ಎರಡು ಗಂಟೆ ಬೇಕಿತ್ತು.

ರಿಯಾಕ್ಟರನ್ನು ಇನ್ನು ಕೆಲವು ಗಂಟೆ ನಿಲ್ಲಿಸಬೇಡಿ ಎಂದು ಸೌದಾಮಿನಿ ನಿಯಂತ್ರಣ ಕೊಠಡಿಗೆ ಫೋನ್ ಮಾಡಿ ಅಂಗಲಾಚಿದರು.

"ನನ್ನ ಕೈಲಿಲ್ಲ ಮೇಡಂ..."

ದೂರನ್ನಾದರೂ ಹಿಂಪಡೆಯೋಣವೆಂದು ಕಚೇರಿಗೆ ಮಾಡಿದರು. "ವರ್ಗದ ಆದೇಶಕ್ಕೆ ಸಹಿ ಆಗಿಹೋಗಿದೆ ಮೇಡಂ. ಇನ್ನು ಬದಲಾಯಿಸೋಕಾಗಲ್ಲ."

ತಿರುಗಿ ನೋಡಿದರೆ, ಫಕೀರಪ್ಪ ಇಟ್ಟಿಗೆ ಎತ್ತಿ ಎತ್ತಿ ಜೋಡಿಸುತ್ತಿದ್ದರು.

"ಇನ್ನೇನು ಪ್ರಯೋಜನ ಫಕೀರಪ್ಪ? ಬಿಡಿ..."

"ಒಂಬತ್ತು ವರ್ಷದ ಕೆಲಸ ರೀ. ಅದರ ಬಾಯಿ ತೆರದು ಹೆಂಗ ಬಿಟ್ಟು ಹೋಗ್ಲಿ?"

ಸೌದಾಮಿನಿ ಇಟ್ಟಿಗೆಯ ಇನ್ನೊಂದು ತುದಿ ಹಿಡಿದರು. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ...

ಐದಕ್ಕೆ ರಿಯಾಕ್ಟರ್ ನಿಂತಿತು. ಅರ್ಧದಷ್ಟು ಇಟ್ಟಿಗೆಗಳು ಇನ್ನೂ ನೆಲದ ಮೇಲೇ ಇದ್ದವು.

*ತಪ್ಪನ್ನು ಎಲ್ಲೆಡೆ ಹುಡುಕುವ ನಾವು, ನಮ್ಮ ಕೈ ತಾಗಿದ ಜಾಗವನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತೇವೆ.*

ಒಬ್ಬರ ಮೇಲೆ ದೂರು ಹೇಳುವ ಮುನ್ನ, "ನಿಮಗೇನು ಕಂಡಿತು?" ಎಂದು ನೀವು ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?